ನೈಟ್ ಡ್ಯೂಟಿ ಮಾತುಗಳು – 23: ಕೆಲಸಕ್ಕೆ ಬೇಕು, ಪಕ್ಕದ ಮನೆಗೆ ಬೇಡ!

ಈ ಸಲದ ವಿಷಯ ಆಸ್ಪತ್ರೆಯ ಹೊರಗಿನದು ಅನ್ನಿಸಬಹುದು. ಆದರೆ ಸುತ್ತಿ ಬಳಸಿ ಕೊನೆಗೆ ಅದು ನಮ್ಮ ವಾರ್ಡಿಗೇ ಬಂದು ನಿಲ್ಲುತ್ತೆ, ನೋಡ್ತಾ ಇರಿ.

ನ್ಯೂಜೆರ್ಸಿಯ ನಮ್ಮವರ ವಾಟ್ಸ್ಯಾಪ್ ಗುಂಪುಗಳಲ್ಲಿ ಈಚೆಗೆ ಒಂದೇ ಥರದ ಮೆಸೇಜ್ ಓಡಾಡ್ತಿದೆ. "ನಮ್ಮ ಟೌನ್‌ಶಿಪ್‌ನಲ್ಲಿ ಅಫೋರ್ಡೆಬಲ್ ಹೌಸಿಂಗ್ ಬರ್ತಾ ಇದೆ, ಸ್ಕೂಲ್ ಹಾಳಾಗುತ್ತೆ, ಮನೆ ಬೆಲೆ ಬೀಳುತ್ತೆ, ಪಿಟಿಷನ್‌ಗೆ ಸಹಿ ಹಾಕಿ." ಕೆಳಗೆ ನಮ್ಮ ಗೌಡರು, ಭಟ್ಟರು, ಪಾಟೀಲರು ಎಲ್ಲರ ಹೆಬ್ಬೆರಳು. ನಾನು ಸಹಿ ಹಾಕಿಲ್ಲ. ಯಾಕೆ ಅಂತ ಇಬ್ಬರು ಕೇಳಿದರು. ಉತ್ತರ ಉದ್ದ ಇತ್ತು, ಅದಕ್ಕೇ ಈ ಪೋಸ್ಟ್.

ಮೊದಲು ಈ ಕಾನೂನು ಎಲ್ಲಿಂದ ಬಂತು ಅಂತ ತಿಳ್ಕೊಳ್ಳೋಣ. ನಿನ್ನೆ ಮೊನ್ನೆ ಯಾರೋ ಗವರ್ನರ್ ತಲೆಗೆ ಹೊಳೆದದ್ದಲ್ಲ ಇದು. ರಾಜ್ಯದ ದಕ್ಷಿಣದಲ್ಲಿ ಮೌಂಟ್ ಲಾರೆಲ್ ಅನ್ನೋ ಊರಿದೆ. ಅಲ್ಲಿ ತಲೆಮಾರುಗಳಿಂದ ಬಾಳಿದ ಕಪ್ಪು ಕುಟುಂಬಗಳಿದ್ದವು. 1960ರ ದಶಕದಲ್ಲಿ ಊರು ಬೆಳೆಯಿತು, ದೊಡ್ಡ ಮನೆಗಳು ಬಂದವು. ಹಳಬರಲ್ಲಿ ಕೆಲವರು ಕೋಳಿಗೂಡನ್ನೇ ಮನೆ ಮಾಡಿಕೊಂಡು ಬದುಕುತ್ತಿದ್ದರು. ಎಥೆಲ್ ಲಾರೆನ್ಸ್ ಎಂಬ ಮಹಿಳೆ ಮತ್ತು ಅವರ ಜೊತೆಗಾರರು 36 ಸಣ್ಣ ಅಪಾರ್ಟ್‌ಮೆಂಟ್ ಕಟ್ಟಲು ಅನುಮತಿ ಕೇಳಿದರು. ಟೌನ್‌ಶಿಪ್ ಒಪ್ಪಲಿಲ್ಲ. ಬಡವರು ಬರಬೇಡಿ ಅಂತ ಬೋರ್ಡ್ ಹಾಕುವ ಅಗತ್ಯವೇ ಇರಲಿಲ್ಲ. ಇಷ್ಟು ಜಾಗದಲ್ಲಿ ಇಂಥ ಒಂಟಿ ಮನೆ ಮಾತ್ರ ಅಂತ ಝೋನಿಂಗ್ ನಿಯಮ ಬರೆದರೆ ಸಾಕು, ಕೆಲಸ ಆಯ್ತು.

ಕೇಸು ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 1975ರಲ್ಲಿ ತೀರ್ಪು ಬಂತು. ಝೋನಿಂಗ್ ಅಧಿಕಾರ ಸಾರ್ವಜನಿಕರ ಹಿತಕ್ಕಾಗಿ ಕೊಟ್ಟದ್ದು, ಅದನ್ನು ಬಡವರನ್ನು ಹೊರಗಿಡಲು ಬಳಸುವಂತಿಲ್ಲ, ಬೆಳೆಯುತ್ತಿರುವ ಪ್ರತಿ ಊರೂ ತನ್ನ ಪ್ರದೇಶದ ಅಗತ್ಯದಲ್ಲಿ ನ್ಯಾಯವಾದ ಪಾಲು ಹೊರಬೇಕು ಅನ್ನೋದು ಅದರ ಸಾರ. ಊರುಗಳು ಕೇಳಲಿಲ್ಲ. 1983ರಲ್ಲಿ ಕೋರ್ಟ್ ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿತು. 1985ರಲ್ಲಿ ಕಾಯ್ದೆ ಬಂತು. ಆ ಕಾಯ್ದೆಯಲ್ಲೂ ಒಂದು ಕಳ್ಳದಾರಿ ಇತ್ತು. ಶ್ರೀಮಂತ ಊರು ತನ್ನ ಪಾಲಿನ ಅರ್ಧದವರೆಗೆ ಬೇರೆ ಊರಿಗೆ ದುಡ್ಡು ಕೊಟ್ಟು ದಾಟಿಸಬಹುದಿತ್ತು. "ದುಡ್ಡು ತಗೊಳ್ಳಿ, ಬಡವರನ್ನ ನೀವೇ ಇಟ್ಕೊಳ್ಳಿ" ಅಂದಂತೆ. 2008ರಲ್ಲಿ ಅದನ್ನು ರದ್ದು ಮಾಡಿದರು. ಈಗ ನಡೆಯುತ್ತಿರುವುದು 2024ರ ಕಾನೂನಿನ ಪ್ರಕಾರ ನಾಲ್ಕನೇ ಸುತ್ತು, 2025ರಿಂದ 2035ರವರೆಗೆ. ಯೋಜನೆ ಸಲ್ಲಿಸಲು 2025ರ ಜೂನ್ 30, ಝೋನಿಂಗ್ ನಿಯಮ ಬದಲಿಸಲು 2026ರ ಮಾರ್ಚ್ 15 ಗಡುವು. ಇಡೀ ರಾಜ್ಯಕ್ಕೆ ಲೆಕ್ಕ ಹಾಕಿದ ಹೊಸ ಮನೆಗಳ ಅಗತ್ಯ ಸುಮಾರು 85 ಸಾವಿರ.

ಈಗ ವಾರ್ಡಿಗೆ ಬರ್ತೀನಿ.

ನಮ್ಮ ವಾರ್ಡಿನಲ್ಲಿ ರೋಗಿಯನ್ನು ಮಗ್ಗಲು ಬದಲಿಸಿ ಮಲಗಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ತುತ್ತು ಉಣ್ಣಿಸುವುದು, ಇದನ್ನೆಲ್ಲ ಹೆಚ್ಚಾಗಿ ಮಾಡೋದು ನರ್ಸಿಂಗ್ ಅಸಿಸ್ಟೆಂಟ್‌ಗಳು. ಅವರಿಲ್ಲದ ರಾತ್ರಿ ನನ್ನ ಬಿಎಸ್ಸಿ ಡಿಗ್ರಿ ಅರ್ಧಕ್ಕರ್ಧ ನಿಷ್ಪ್ರಯೋಜಕ. ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆ ನ್ಯೂವರ್ಕ್‌ನಿಂದ ಎರಡು ಬಸ್ ಬದಲಿಸಿ ಬರ್ತಾಳೆ. ಎರಡನೇ ಬಸ್ ತಪ್ಪಿದರೆ ನಮ್ಮ ಹ್ಯಾಂಡೊವರ್ ತಡ, ಹನ್ನೆರಡು ಗಂಟೆ ನಿಂತವಳು ಇನ್ನೊಂದು ಗಂಟೆ ನಿಲ್ಲಬೇಕು. ಅವಳ ಮೇಲೆ ಯಾರೂ ರೇಗಲ್ಲ. ಆಸ್ಪತ್ರೆ ಇರುವ ಊರಲ್ಲಿ ಅವಳ ಸಂಬಳಕ್ಕೆ ಸಿಗುವ ಮನೆಯೇ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತು.

2020ರಲ್ಲಿ ಈ ರಾಜ್ಯ ನರ್ಸಿಂಗ್ ಹೋಮ್‌ಗಳಿಗೆ ಒಳ್ಳೆಯ ಕಾನೂನು ಮಾಡಿತು: ಹಗಲು ಪಾಳಿಯಲ್ಲಿ 8 ಜನ ವೃದ್ಧರಿಗೆ ಕನಿಷ್ಠ ಒಬ್ಬ ನರ್ಸಿಂಗ್ ಅಸಿಸ್ಟೆಂಟ್ ಇರಲೇಬೇಕು. ಸರಿ, ಆ ಒಬ್ಬರು ಬೆಳಿಗ್ಗೆ ಏಳಕ್ಕೆ ಎಲ್ಲಿಂದ ಬರಬೇಕು? ಟ್ರೆಂಟನ್‌ನಲ್ಲಿ ಸಂಖ್ಯೆ ಬರೆದ ಮಾತ್ರಕ್ಕೆ ಹಾಸಿಗೆ ಪಕ್ಕ ಮನುಷ್ಯ ಪ್ರತ್ಯಕ್ಷ ಆಗಲ್ಲ. ಸಿಬ್ಬಂದಿ ಕೊರತೆ ಅಂತ ನಾವು ಕರೆಯುವುದರಲ್ಲಿ ಒಂದು ಪಾಲು ಮನೆ ಕೊರತೆಯೇ.

ಇನ್ನೊಂದು ಮಾತು. "ಅಫೋರ್ಡೆಬಲ್" ಅಂದ ಕೂಡಲೇ ನಮ್ಮವರ ಕಣ್ಣಿಗೆ ಬೀದಿಯಲ್ಲಿ ಮಲಗುವವರು ಕಾಣ್ತಾರೆ. ಕಾನೂನಿನ ಲೆಕ್ಕ ಬೇರೆ. ಆ ಪ್ರದೇಶದ ಮಧ್ಯಮ ಆದಾಯದ 80% ಒಳಗಿನವರು ಅರ್ಹರು. ಮಿಡ್ಲ್‌ಸೆಕ್ಸ್, ಸಾಮರ್‌ಸೆಟ್ ಕಡೆ ನಾಲ್ಕು ಜನರ ಕುಟುಂಬಕ್ಕೆ ಆ ಮಿತಿ ವರ್ಷಕ್ಕೆ 1 ಲಕ್ಷ ಡಾಲರ್ ದಾಟುತ್ತೆ. ಅಂದರೆ ಶಾಲೆಯ ಟೀಚರ್, ಆಂಬ್ಯುಲೆನ್ಸ್ ಓಡಿಸುವವರು, ಕುಟುಂಬದಲ್ಲಿ ಒಬ್ಬಳೇ ದುಡಿಯುವ ಹೊಸ ನರ್ಸ್. ನಾನು ಬಂದ ಹೊಸತರಲ್ಲಿ ಇಂಥ ಮನೆಗೆ ಅರ್ಜಿ ಹಾಕಬಹುದಿತ್ತು!

ಹಾಗಂತ ಟೌನ್‌ಶಿಪ್‌ಗಳ ಚಿಂತೆಯೆಲ್ಲ ಸುಳ್ಳು ಅಂತ ನಾನು ಹೇಳಲ್ಲ. ಇಲ್ಲಿನ ಪ್ರಾಪರ್ಟಿ ಟ್ಯಾಕ್ಸ್ ನಮಗೆಲ್ಲ ಗೊತ್ತಿರುವ ಹೊಟ್ಟೆನೋವು. 2024ರಲ್ಲಿ ರಾಜ್ಯದ ಸರಾಸರಿ 10 ಸಾವಿರ ಡಾಲರ್ ದಾಟಿತು, ಅದರಲ್ಲಿ ಸುಮಾರು ಅರ್ಧ ಶಾಲೆಗೇ ಹೋಗುತ್ತೆ. ವರ್ಷಕ್ಕೆ 2% ಮೀರಿ ತೆರಿಗೆ ಎತ್ತುವ ಹಾಗಿಲ್ಲ ಅಂತ 2010ರ ಕಾನೂನು ಕಟ್ಟಿಹಾಕಿದೆ. ಹೊಸ ಮಕ್ಕಳು ಬಂದರೆ ಕ್ಲಾಸ್‌ರೂಮ್ ಎಲ್ಲಿಂದ ತರೋದು ಅಂತ ಮೇಯರ್ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಇನ್ನೊಂದು ಲೆಕ್ಕವೂ ಇದೆ. ಬಿಲ್ಡರ್ ಕಟ್ಟುವ ಮನೆಗಳಲ್ಲಿ 20% ಮಾತ್ರ ಅಫೋರ್ಡೆಬಲ್ ಆದರೆ, 100 ಅಂಥ ಮನೆ ಬೇಕೆಂದಾಗ ಊರಿಗೆ ಬರೋದು 500 ಮನೆ. ಟ್ರಾಫಿಕ್, ಚರಂಡಿ, ಮಳೆನೀರು ಎಲ್ಲದರ ಮೇಲೂ ಭಾರ.

ಆದರೆ ಇದಕ್ಕೆ ಮದ್ದು "ಬೇಡ" ಅನ್ನೋದಲ್ಲ. ಗಡುವು ತಪ್ಪಿಸಿದ ಊರಿಗೆ ಕಾನೂನಿನ ರಕ್ಷಣೆ ಹೋಗುತ್ತೆ. ಆಮೇಲೆ ಬಿಲ್ಡರ್ ಕೋರ್ಟಿಗೆ ಹೋಗಿ ತನಗೆ ಬೇಕಾದಲ್ಲಿ, ತನಗೆ ಬೇಕಾದಷ್ಟು ಎತ್ತರ ಕಟ್ಟುವ ಹಕ್ಕು ಕೇಳಬಹುದು. ಮಾಂಟ್‌ವೇಲ್ ಮುಂದಾಳತ್ವದಲ್ಲಿ ಇಪ್ಪತ್ತಕ್ಕೂ ಹೆಚ್ಚು ಊರುಗಳು ಈ ಕಾನೂನಿನ ವಿರುದ್ಧವೇ ದಾವೆ ಹೂಡಿದವು. ದೊಡ್ಡ ನಗರಗಳಿಗೆ ಹೊಸ ಮನೆಗಳ ಪಾಲಿನಿಂದ ವಿನಾಯಿತಿ ಯಾಕೆ ಅನ್ನೋದು ಅವರ ಒಂದು ದೂರು. ನ್ಯೂವರ್ಕ್, ಪ್ಯಾಟರ್ಸನ್ ಇಷ್ಟು ವರ್ಷ ಎಲ್ಲರ ಪಾಲನ್ನೂ ಹೊತ್ತಿವೆ, ಅದಕ್ಕೇ ವಿನಾಯಿತಿ ಅಂತ ನನ್ನ ಉತ್ತರ. ವಕೀಲರಿಗೆ ಕೊಡುವ ಆ ದುಡ್ಡೂ ನಮ್ಮ ತೆರಿಗೆಯೇ ತಾನೆ?

ಮನೆ ಬೆಲೆ ಬೀಳುತ್ತೆ ಅನ್ನೋ ಹೆದರಿಕೆಗೆ ಮೌಂಟ್ ಲಾರೆಲ್ ಊರಲ್ಲೇ ಉತ್ತರ ಇದೆ. ಕೊನೆಗೂ ಅಲ್ಲಿ 140 ಮನೆಗಳ ವಸತಿ ಎದ್ದಿತು, ಎಥೆಲ್ ಲಾರೆನ್ಸ್ ಅವರದೇ ಹೆಸರಲ್ಲಿ. ಅವರು 1994ರಲ್ಲೇ ತೀರಿಕೊಂಡಿದ್ದರು, ನೋಡಲು ಇರಲಿಲ್ಲ. ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತು ಸಂಗಡಿಗರು ಆ ಊರನ್ನು ಅಕ್ಕಪಕ್ಕದ ಅಂಥದೇ ಊರುಗಳ ಜೊತೆ ಹೋಲಿಸಿ 2013ರಲ್ಲಿ ಪುಸ್ತಕ ತಂದರು. ಅಪರಾಧ ಹೆಚ್ಚಲಿಲ್ಲ, ಮನೆ ಬೆಲೆ ಬೀಳಲಿಲ್ಲ, ತೆರಿಗೆಯೂ ಅದರಿಂದ ಏರಲಿಲ್ಲ. ಅಲ್ಲಿಗೆ ಬಂದವರ ಮನಸ್ಸಿನ ಆರೋಗ್ಯ, ದುಡಿಮೆ ಎರಡೂ ಸುಧಾರಿಸಿದವು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಸಹಿ ಹಾಕುವ ಬದಲು ಪ್ಲಾನಿಂಗ್ ಬೋರ್ಡ್ ಮೀಟಿಂಗಿಗೆ ಹೋಗಿ ಮೂರು ಪ್ರಶ್ನೆ ಕೇಳಿ.

ಒಂದು, ಮುಚ್ಚಿದ ಆಫೀಸ್ ಪಾರ್ಕ್, ಖಾಲಿ ಮಾಲ್, ಟೌನ್‌ಶಿಪ್‌ನ ಸ್ವಂತ ಜಾಗ ಇವನ್ನು ಮೊದಲು ಬಳಸ್ತೀರಾ? ಅಲ್ಲಿ ಟ್ಯಾಕ್ಸ್ ಕ್ರೆಡಿಟ್ ನೆರವಿನಿಂದ ಪೂರ್ತಿ ಅಫೋರ್ಡೆಬಲ್ ಮನೆಗಳನ್ನೇ ಕಟ್ಟಿಸಿದರೆ 100ಕ್ಕೆ 100 ಸಾಕು, 500 ಬೇಕಿಲ್ಲ.

ಎರಡು, ಬಿಲ್ಡರ್‌ಗೆ ಪೈಲಟ್ ಒಪ್ಪಂದ ಕೊಡ್ತಿದ್ದೀರಾ? ಪೈಲಟ್ ಅಂದರೆ ಮಾಮೂಲು ತೆರಿಗೆಯ ಬದಲು ಟೌನ್‌ಶಿಪ್‌ಗೆ ಕಟ್ಟುವ ನಿಗದಿ ಹಣ. ಅದರಲ್ಲಿ 5% ಕೌಂಟಿಗೆ, ಉಳಿದದ್ದು ಟೌನ್‌ಶಿಪ್‌ಗೆ. ಶಾಲೆಗೆ ಪಾಲು ಕೊಡಲೇಬೇಕೆಂದಿಲ್ಲ. ಶಾಲೆ ಬಡವಾಗುವುದು ಬಡವರ ಮಕ್ಕಳಿಂದಲೋ ಈ ಒಪ್ಪಂದದಿಂದಲೋ ಅಂತ ಅಲ್ಲೇ ಗೊತ್ತಾಗುತ್ತೆ. ಶಾಲೆಗೆ ಪಾಲು ಬರೆದು ಕೊಡಿ ಅಂತ ಹಠ ಹಿಡಿಯಿರಿ.

ಮೂರು, ಈ ಮನೆಗಳಿಂದ ಬಸ್ ಸ್ಟಾಪ್‌ಗೆ, ಆಸ್ಪತ್ರೆಗೆ ಎಷ್ಟು ದೂರ?

ಕೊನೆಯದಾಗಿ, ನಮ್ಮವರಿಗೇ ಹೇಳುವ ಮಾತು. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ "ನೀವು ಯಾವ ಜನ, ಮಾಂಸ ತಿಂತೀರಾ" ಅಂತ ಬಾಗಿಲಲ್ಲೇ ಕೇಳಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಇಲ್ಲಿ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲ್ಲ, ಝೋನಿಂಗ್ ನಕ್ಷೆಯಲ್ಲಿ ಕೇಳ್ತಾರೆ. ವ್ಯತ್ಯಾಸ ಅಷ್ಟೇ.

ನಾಳೆ ನಿಮ್ಮ ಅಪ್ಪ ಅಮ್ಮ ಇಲ್ಲೇ ಇದ್ದು, ಸೊಂಟದ ಆಪರೇಷನ್ ಆಗಿ ಮನೆಗೆ ಬಂದಾಗ ಏಜೆನ್ಸಿಗೆ ಫೋನ್ ಮಾಡ್ತೀರಿ. "ನಿಮ್ಮ ಏರಿಯಾಗೆ ಬರೋಕೆ ಹೋಮ್ ಏಡ್ ಸಿಗ್ತಿಲ್ಲ" ಅಂತ ಅವರು ಹೇಳಿದರೆ ಆ ಪಿಟಿಷನ್ ನೆನಪು ಮಾಡ್ಕೊಳ್ಳಿ.

ಒಪ್ಪದವರು ಕಾಮೆಂಟಲ್ಲಿ ಬನ್ನಿ, ಜಗಳ ಬೇಡ, ಮಾತಾಡೋಣ. ನಿಮ್ಮ ಟೌನ್‌ಶಿಪ್‌ನ ಮೀಟಿಂಗ್ ಯಾವಾಗ ಅಂತ ಗೊತ್ತಿದ್ದರೆ ಅದನ್ನೂ ಹಾಕಿ. ಇವತ್ತು ರಾತ್ರಿ ಡ್ಯೂಟಿ ಇದೆ, ಉತ್ತರ ನಾಳೆ ಮಧ್ಯಾಹ್ನ ಎದ್ದ ಮೇಲೆ.