ಪ್ರಯೋಗಶಾಲೆಯೂ ಪ್ರಾರ್ಥನಾಮಂದಿರವೂ

ಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ವಿದ್ಯಾರ್ಥಿಯ ದಿನವು ಪ್ರಾರ್ಥನೆಯಿಂದ ಆರಂಭವಾಗುತ್ತದೆ. ಅದಾದ ಕೆಲವು ತಾಸುಗಳಲ್ಲಿಯೇ ಆತನು ಪ್ರಯೋಗಶಾಲೆಯಲ್ಲಿ ನಿಂತು, ಪರೀಕ್ಷೆಗೆ ನಿಲ್ಲದ ಮಾತನ್ನು ಒಪ್ಪಬಾರದೆಂಬ ಪಾಠವನ್ನು ಕಲಿಯುತ್ತಾನೆ. ಅಳತೆಗೆ ಸಿಕ್ಕದ ದೇವರನ್ನು ನಂಬುವುದೆಂತು ಎಂಬ ಪ್ರಶ್ನೆಯು ಒಂದಿಲ್ಲೊಂದು ದಿನ ಅವನಲ್ಲಿ ಹುಟ್ಟುವುದು ಸಹಜ. ಗುರುವಾದವನು ಆಗ ಕೊಡುವ ಉತ್ತರವನ್ನು ಆ ಬಾಲಕನ ಭಕ್ತಿಯೂ ಬುದ್ಧಿಯೂ ಸಮನಾಗಿ ಅವಲಂಬಿಸಿವೆ.

ಗದರಿಸಿ ಸುಮ್ಮನಾಗಿಸುವುದು ಒಂದು ಬಗೆ. ವಿಭೂತಿಯಲ್ಲಿ ಇಂಥ ಕಿರಣವಿದೆ, ಇಷ್ಟಲಿಂಗದಲ್ಲಿ ಇಂಥ ಶಕ್ತಿಯಿದೆ, ಇದನ್ನೆಲ್ಲ ವಿಜ್ಞಾನವೇ ಒಪ್ಪಿದೆ ಎಂದು ಆಧಾರವಿಲ್ಲದೆ ಹೇಳಿಬಿಡುವುದು ಇನ್ನೊಂದು ಬಗೆ. ಎರಡನೆಯದು ಕೇಳಲು ಹಿತವಾದುದು; ಆದರೆ ಮೊದಲನೆಯದಕ್ಕಿಂತಲೂ ಅಪಾಯಕರವಾದುದು. ಆ ಬಾಲಕನು ಬೆಳೆದು, ಹೆಚ್ಚಿನದನ್ನು ಓದಿ, ಅದು ನಿಜವಲ್ಲವೆಂದು ಕಂಡುಕೊಂಡ ದಿನ, ಸುಳ್ಳಿನ ಊರುಗೋಲಿನೊಡನೆ ಅದಕ್ಕೆ ಆತುಕೊಂಡಿದ್ದ ಶ್ರದ್ಧೆಯೂ ಕುಸಿದು ಬೀಳುತ್ತದೆ.

ಈ ಎರಡೂ ಹಾದಿಗಳನ್ನು ತೊರೆದ ವಿಜ್ಞಾನಿಗಳಿದ್ದಾರೆ. ಕಮ್ಮಾರ ಕಾಯಕದವರ ಮಗನಾಗಿ 1791ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಿಂದ ಬದುಕನ್ನು ಆರಂಭಿಸಿದ ಮೈಕೇಲ್ ಫ್ಯಾರಡೆಯು, ಅಯಸ್ಕಾಂತದ ಚಲನೆಯಿಂದ ತಂತಿಯಲ್ಲಿ ವಿದ್ಯುತ್ತು ಹರಿಯುವುದನ್ನು 1831ರಲ್ಲಿ ತೋರಿಸಿಕೊಟ್ಟನು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಆ ತತ್ತ್ವದಿಂದಲೇ ಹುಟ್ಟಿದುದು. ಈತನು ಸ್ಯಾಂಡಿಮೇನಿಯನ್ ಎಂಬ ಚಿಕ್ಕ ಕ್ರೈಸ್ತ ಪಂಥದ ನಿಷ್ಠಾವಂತ ಭಕ್ತನಾಗಿದ್ದು, ಅದರ ಹಿರಿಯನಾಗಿಯೂ ಸೇವೆ ಸಲ್ಲಿಸಿದನು. ಹಾಗಿದ್ದರೂ ಅಯಸ್ಕಾಂತದಿಂದ ದೇವರನ್ನು ಸಾಧಿಸಿ ತೋರಿಸಲು ಆತನು ಹೊರಡಲಿಲ್ಲ. ಅದೃಶ್ಯ ಶಕ್ತಿಗಳಿಂದ ಮೇಜುಗಳು ತಿರುಗುತ್ತವೆಂದು ಜನರು ಬೆರಗಾಗಿದ್ದಾಗ, 1853ರಲ್ಲಿ ಅದನ್ನು ಪರೀಕ್ಷಿಸಿ, ಸುತ್ತ ಕುಳಿತವರ ಕೈಗಳೇ ಅವರಿಗೆ ಅರಿವಿಲ್ಲದಂತೆ ಮೇಜನ್ನು ತಳ್ಳುತ್ತಿವೆಯೆಂದು ಸಾರಿದವನೂ ಈ ಭಕ್ತನೇ.

ಕನ್ನಡ ನಾಡಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರೂ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಅವರು ಪ್ರಖರ ವಿಚಾರವಾದಿಗಳು, ಫ್ಯಾರಡೆಯು ಆಸ್ತಿಕನು. ಸತ್ಯದ ವಿಷಯದಲ್ಲಿ ಇಬ್ಬರ ಪ್ರಾಮಾಣಿಕತೆಯೂ ಒಂದೇ. ಪವಾಡವನ್ನು ಪ್ರಶ್ನಿಸುವುದು ದೇವದ್ರೋಹವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬೆಲ್ಜಿಯಮ್ಮಿನ ಜಾರ್ಜ್ ಲಮೇತ್ರ್ ಅವರ ನಡತೆಯು ಇನ್ನೂ ಬೋಧಪ್ರದವಾದುದು. 1923ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದ ಅವರು, ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿ ಗಣಿತದಿಂದ ತೋರಿಸಿದರು. ಅದು ಆದಿಯಲ್ಲಿ ಒಂದು ಅಣುವಿನಂತಿತ್ತೆಂದು 1931ರಲ್ಲಿ ಪ್ರತಿಪಾದಿಸಿದರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಇಂತಹ ವಿಜ್ಞಾನವು ಸೃಷ್ಟಿಕರ್ತನಿಗೆ ಸಾಕ್ಷಿ ನುಡಿಯುತ್ತದೆಂಬಂತೆ ಮಾತನಾಡಿದಾಗ, ಸಂತೋಷಪಡಬೇಕಾಗಿದ್ದ ಆ ಪಾದ್ರಿಗೆ ಅದು ಹಿಡಿಸಲಿಲ್ಲ. ಸಿದ್ಧಾಂತಗಳು ಬದಲಾಗತಕ್ಕವು, ಅವುಗಳ ಮೇಲೆ ದೇವರನ್ನು ಕೂರಿಸಿದರೆ, ಸಿದ್ಧಾಂತವು ಸರಿದ ದಿನ ದೇವರನ್ನೂ ಇಳಿಸಬೇಕಾದೀತು.

ಹಾಗಾದರೆ ನಂಬುವವನು ಏತಕ್ಕಾಗಿ ನಂಬುತ್ತಾನೆ? ಅವನ ಕಾರಣಗಳು ಅವನ ಬಾಳಿನಲ್ಲಿಯೇ ಇವೆ. ಯಾರೂ ಕಾಣದಿದ್ದಾಗ ಮಾಡಿದ ತಪ್ಪು ಒಳಗೇ ಚುಚ್ಚುವಾಗ, ತನ್ನನ್ನು ನೋಡುತ್ತಿರುವ ಒಂದು ಸನ್ನಿಧಿಯು ಅವನಿಗೆ ಭಾಸವಾಗುತ್ತದೆ. ರಾಶಿಯ ಮುಂದೆ ನಿಂತ ಒಕ್ಕಲಿಗನಿಗೆ ದುಡಿಮೆಯ ಫಲವೆಲ್ಲ ತನ್ನೊಬ್ಬನದೇ ಅಲ್ಲವೆನಿಸುತ್ತದೆ. ಮಗನನ್ನು ಕಳೆದುಕೊಂಡ ತಾಯಿಯು ಅಂಗೈಯ ಲಿಂಗವನ್ನು ದಿಟ್ಟಿಸುತ್ತ ಕುಳಿತು, ಮರುದಿನ ಕಾಯಕಕ್ಕೆ ಏಳುವ ಬಲವನ್ನು ಪಡೆಯುತ್ತಾಳೆ. ಇವು ಪ್ರಮಾಣಗಳಲ್ಲ, ಅದೇ ದುಃಖದಲ್ಲಿ ನಂಬಿಕೆಯನ್ನು ಕಳೆದುಕೊಂಡವರೂ ಉಂಟು, ಅವರು ನಿಂದ್ಯರಲ್ಲ. ಒಬ್ಬರ ಅನುಭವವನ್ನು ಮತ್ತೊಬ್ಬರ ಮೇಲೆ ಹೇರಲಾಗದು. ಹನ್ನೆರಡನೆಯ ಶತಮಾನದ ಶರಣರು ಅನುಭಾವಕ್ಕೆ ಹಿರಿಯ ಸ್ಥಾನವನ್ನಿತ್ತು, ಪೂಜೆಯನ್ನು ಒಬ್ಬೊಬ್ಬರ ಅಂಗೈಗೆ ತಂದುದರ ಮರ್ಮವೂ ಇದೇ ಇರಬೇಕು.

ಆದುದರಿಂದ ಪ್ರಶ್ನೆ ಕೇಳಿದ ಬಾಲಕನಿಗೆ ಉಪಾಧ್ಯಾಯನು ನೇರವಾಗಿ ಹೇಳಬಹುದು: ಪ್ರಯೋಗಶಾಲೆಯು ದೇವರನ್ನು ತೋರಿಸುವುದಿಲ್ಲ, ಅದು ಆ ಶಾಲೆಯ ಕೆಲಸವೂ ಅಲ್ಲ. ಅಲ್ಲಿ ಕಂಡುದನ್ನು ಕಂಡಂತೆ ಬರೆ. ಪ್ರಾರ್ಥನೆಯಲ್ಲಿ ಇಲ್ಲದ ಭಕ್ತಿಯನ್ನು ನಟಿಸಬೇಡ. ಹೀಗೆ ಹೇಳಬಲ್ಲ ಗುರುವಿರುವ ಶಾಲೆಯಲ್ಲಿ ದಾನಿಗಳ ದಾಸೋಹವು ಸಾರ್ಥಕವಾಗುತ್ತದೆ. ಅಲ್ಲಿಂದ ಹೊರಟವನು ಮುಂದೆ ಆಸ್ತಿಕನೇ ಆಗಲಿ, ನಾಸ್ತಿಕನೇ ಆಗಲಿ, ಸುಳ್ಳಾಡದವನಾಗಿರುತ್ತಾನೆ.