ಎಣ್ಣೆ ಬೆರೆಸಿದ ಪೆಟ್ರೋಲಿನೊಳಗೆ ಕಬ್ಬಿನ ಸಾರ

ಬಸವನಗುಡಿಯ ಹಳೆಯ ಮನೆಗಳ ಗೇಟಿನೊಳಗೆ, ಮಲ್ಲೇಶ್ವರದ ಅಡ್ಡರಸ್ತೆಗಳ ಮರದ ನೆರಳಿನಲ್ಲಿ, ಚಾಮರಾಜಪೇಟೆಯ ಇಕ್ಕಟ್ಟಾದ ಗ್ಯಾರೇಜುಗಳ ಮುಂದೆ ಒಂದು ಕಾಲದ ವಾಹನಗಳು ಇಂದಿಗೂ ಜೀವ ಹಿಡಿದುಕೊಂಡಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಪ್ರತಿವರ್ಷ ಜುಲೈ ತಿಂಗಳ ಒಂದು ಭಾನುವಾರ ಬೆಂಗಳೂರಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಅವುಗಳ ಜೊತೆಗೆ ಹಳೆಯ ಚೇತಕ್ ಸ್ಕೂಟರುಗಳಿವೆ, ಮೊಪೆಡ್‌ಗಳಿವೆ. ಇವೆಲ್ಲ ಎರಡು ಸ್ಟ್ರೋಕಿನ ಎಂಜಿನ್‌ಗಳು. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಓಡಿಸಬೇಕಾದವು. ಲೀಟರಿಗೆ ಮೂವತ್ತೋ ನಲವತ್ತೋ ಮಿಲಿಲೀಟರ್ ಎಣ್ಣೆ ಹಾಕಿ, ಗಾಡಿಯನ್ನು ಎಡಕ್ಕೂ ಬಲಕ್ಕೂ ಎರಡು ಬಾರಿ ಅಲುಗಾಡಿಸಿ ಹೊರಡುವ ಪದ್ಧತಿಯನ್ನು ಬೆಂಗಳೂರಿನ ಎರಡು ಮೂರು ತಲೆಮಾರುಗಳು ಬಲ್ಲವು.

ಎಣ್ಣೆಯ ಅಳತೆ ಬದಲಾಗಿಲ್ಲ. ಬದಲಾಗಿರುವುದು ಪೆಟ್ರೋಲು.

2003ರ ಜನವರಿಯಲ್ಲಿ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ನೂರಕ್ಕೆ 5ರಷ್ಟು ಎಥನಾಲ್ ಬೆರೆಸುವ ಯೋಜನೆ ಆರಂಭವಾದಾಗ ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ಮುಂದಿನ ಹಲವು ವರ್ಷ ಅದು ಕುಂಟುತ್ತಲೇ ಸಾಗಿತು. 2022ರ ಜೂನ್ ಹೊತ್ತಿಗೆ ದೇಶದ ಸರಾಸರಿ ಮಿಶ್ರಣ ನೂರಕ್ಕೆ 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಧನ ಸಮಾವೇಶದಲ್ಲಿಯೇ ಪ್ರಧಾನಮಂತ್ರಿಗಳು ನೂರಕ್ಕೆ 20ರ ಪೆಟ್ರೋಲನ್ನು ಮಾರಾಟಕ್ಕೆ ಬಿಡುಗಡೆ ಮಾಡಿದರು. ಅಂದು ಅದು ಹನ್ನೊಂದು ರಾಜ್ಯಗಳ 84 ಬಂಕುಗಳಲ್ಲಿ ದೊರೆಯುವ ವಿಶೇಷ ಸರಕಾಗಿತ್ತು. ಮೊದಲು 2030ಕ್ಕೆ ಇರಿಸಿಕೊಂಡಿದ್ದ ಗುರಿಯನ್ನು ಹಿಂದಕ್ಕೆ ತಂದದ್ದರಿಂದ 2025ರೊಳಗೆ ಅದೇ ಸಾಮಾನ್ಯ ಪೆಟ್ರೋಲಾಯಿತು. ಬೇರೆಯದನ್ನು ಕೇಳುವ ಅವಕಾಶವೇ ಗ್ರಾಹಕನಿಗೆ ಉಳಿಯಲಿಲ್ಲ. ಎಥನಾಲ್ ಇಲ್ಲದ ಪೆಟ್ರೋಲೂ ಒಂದು ಆಯ್ಕೆಯಾಗಿ ದೊರೆಯಬೇಕೆಂದು ಕೋರಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು.

ಎಣ್ಣೆಯನ್ನು ಇಂಧನದೊಡನೆಯೇ ಸುಡುವ ಎಂಜಿನ್ ಎರಡು ಸ್ಟ್ರೋಕಿನದೊಂದೇ ಅಲ್ಲ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿದ ಸುತ್ತುವ ಎಂಜಿನ್‌ನಲ್ಲಿ ಪಿಸ್ಟನ್ನಿನ ಬದಲು ಮುಮ್ಮೂಲೆಯ ತಿರುಗುಗಾಲಿ ಇರುತ್ತದೆ. ಅದರ ಮೂರು ತುದಿಗಳ ಸೀಲುಗಳು ಒಣಗದಂತೆ ಅಲ್ಪಸ್ವಲ್ಪ ಎಣ್ಣೆ ಇಂಧನದೊಡನೆ ಸೇರಿ ಉರಿಯಲೇಬೇಕು. ಜಪಾನಿನ ಮಜ್ದಾ ಕಂಪನಿಯ ಇಂತಹ ಕಾರುಗಳನ್ನು ಇರಿಸಿಕೊಂಡವರು ಟ್ಯಾಂಕಿಗೇ ಎಣ್ಣೆ ಬೆರೆಸುವುದುಂಟು. ಎಥನಾಲ್ ಬಂದ ಮೇಲೆ ಅವರ ನಡುವೆಯೂ ಇದೇ ಚರ್ಚೆ. ಬೆಂಗಳೂರಿಗೂ ಈ ಎಂಜಿನ್ ಅಪರಿಚಿತವಲ್ಲ. ಇಲ್ಲಿನ ಪ್ರಯೋಗಾಲಯಗಳ ಪಾಲುದಾರಿಕೆಯಲ್ಲಿ ಸಿದ್ಧವಾದ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ ಹೊತ್ತ 'ನಿಶಾಂತ್' ಎಂಬ ಚಾಲಕರಹಿತ ವಿಮಾನ 2009ರಲ್ಲಿ ಕೋಲಾರದಲ್ಲಿ ಹಾರಿತ್ತು. ಆದರೆ ಜನಸಾಮಾನ್ಯರ ಕೈಗೆ ಬಂದದ್ದು ಅದರ ಬಡ ಬಂಧುವಾದ ಎರಡು ಸ್ಟ್ರೋಕಿನ ಎಂಜಿನ್.

ಆ ಎಂಜಿನ್‌ಗೆ ಎಣ್ಣೆಯ ಪ್ರತ್ಯೇಕ ತೊಟ್ಟಿಯಿಲ್ಲ. ಒಳಗಿನ ಬೇರಿಂಗು, ಪಿಸ್ಟನ್ನು, ಉಂಗುರಗಳಿಗೆ ತಲುಪುವ ಜಿಡ್ಡೆಲ್ಲ ಪೆಟ್ರೋಲಿನ ಬೆನ್ನೇರಿಯೇ ಬರಬೇಕು. ಎಥನಾಲ್ ಇಲ್ಲಿ ಮೂರು ಬಗೆಯಲ್ಲಿ ತೊಡಕು ತರುತ್ತದೆ. ಅದರ ಅಣುವಿನಲ್ಲಿಯೇ ಆಮ್ಲಜನಕ ಇರುವುದರಿಂದ, ಹಳೆಯ ಪೆಟ್ರೋಲಿಗೆಂದು ಅಳತೆ ಮಾಡಿದ ಕಾರ್ಬುರೇಟರಿನ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ಹಳೆಯ ರಬ್ಬರ್ ಕೊಳವೆ, ಕಾರ್ಕಿನ ಬಿರಡೆ, ಸೀಲುಗಳನ್ನು ಅದು ಉಬ್ಬಿಸುತ್ತದೆ ಅಥವಾ ಬಿರುಕುಗೊಳಿಸುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೊಂಡು ಇವನ್ನು ಬದಲಾಯಿಸಬಹುದು, ಖರ್ಚು ಮಾಲಿಕನದು. ಮೂರನೆಯದು ಇವೆರಡಕ್ಕಿಂತ ಅಪಾಯಕಾರಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿಯವರೆಗೆ ಆ ನೀರು ಪೆಟ್ರೋಲಿನಲ್ಲಿ ಕಾಣದಂತೆ ಕರಗಿರುತ್ತದೆ. ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಎಂಜಿನ್ ಇಂಧನ ಹೀರುವುದು ತಳದಿಂದ. ಅಂದರೆ ಜಿಡ್ಡಿಲ್ಲದ ದ್ರವ ಒಳಹೋಗಿ, ಯಂತ್ರ ಚಾಲೂ ಆದರೂ ಕೆಲವೇ ಕ್ಷಣಗಳಲ್ಲಿ ಪಿಸ್ಟನ್ ಕಚ್ಚಿಕೊಳ್ಳಬಹುದು. ನೂರಕ್ಕೆ 20ರ ಪೆಟ್ರೋಲು 10ರದಕ್ಕಿಂತ ಹೆಚ್ಚು ನೀರನ್ನು ಕರಗಿಸಿಕೊಳ್ಳಬಲ್ಲದೆಂಬುದು ನಿಜ. ಗಾಳಿಯ ತೇವವೊಂದರಿಂದಲೇ ಅದು ಒಡೆಯುವುದು ಅಪರೂಪ. ಆದರೆ ಮಳೆಗಾಲದಲ್ಲಿ ಬಂಕಿನ ನೆಲದೊಳಗಿನ ತೊಟ್ಟಿಗೋ ಮನೆಯ ಕ್ಯಾನಿಗೋ ಸ್ವಲ್ಪ ನೀರು ಇಳಿದರೂ ಫಲ ಒಂದೇ.

ಇದು ನಗರದ ಹಳೆಯ ಬೈಕಿನ ಹವ್ಯಾಸಿಗಳ ಗೋಳು, ಬೆಟ್ಟದ ಹಳ್ಳಿಗೆ ಇದರಿಂದೇನು ಎಂದು ಓದುಗರಿಗೆ ತೋರಬಹುದು. ಮಲೆನಾಡಿನ ಯಾವುದೇ ಅಡಿಕೆ ತೋಟದ ಮನೆಯ ಜಗಲಿಯ ಮೂಲೆಯನ್ನು ನೋಡಿದರೆ ಆ ಅನುಮಾನ ಉಳಿಯದು. ಅಲ್ಲಿ ಒರಗಿಸಿಟ್ಟ ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ, ಔಷಧಿ ಹೊಡೆಯುವ ಬೆನ್ನಿನ ಪಂಪು, ಇವುಗಳಲ್ಲಿ ಹೆಚ್ಚಿನವು ಎರಡು ಸ್ಟ್ರೋಕಿನವೇ. ಲೀಟರಿಗೆ 20 ಮಿಲಿಲೀಟರ್ ಎಣ್ಣೆ ಬೆರೆಸುವ ಈ ಯಂತ್ರಗಳ ಪೈಕಿ ಹಲವುಗಳ ಕೈಪಿಡಿಗಳು ನೂರಕ್ಕೆ 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲ್ ಬಳಸಬಾರದೆಂದು ಹೇಳುತ್ತವೆ. ಬಂಕಿನಲ್ಲಿ ಸಿಗುವುದು 20ರದು. ಹಳೆಯ ಬೆಂಗಳೂರಿನವನು ಬೇಕಾದಾಗ ಒಂದು ಲೀಟರ್ ಹಾಕಿಸಿಕೊಂಡು ಅದೇ ದಿನ ಓಡಿಸಿ ಮುಗಿಸಬಲ್ಲ. ಬಂಕು ಹತ್ತಾರು ಕಿಲೋಮೀಟರ್ ದೂರವಿರುವ ಹಳ್ಳಿಯವನು ಐದು ಲೀಟರಿನ ಕ್ಯಾನ್ ತುಂಬಿ ತಂದು, ಎಣ್ಣೆ ಬೆರೆಸಿ, ಆರಿದ್ರಾ ಮಳೆಯ ತೇವದಲ್ಲಿ ಕೊಟ್ಟಿಗೆಯ ಅಟ್ಟದ ಮೇಲಿಟ್ಟು, ಹೊಳವಾದ ದಿನ ನೋಡಿಕೊಂಡು ಬಳಸುವವನು. ಯಂತ್ರ ನಿಂತರೆ ಆ ವಾರದ ಕೂಲಿಯೂ ನಿಂತಿತು. ಬಾಡಿಗೆಗೆ ಕಳೆ ಹೊಡೆದು ಸಂಸಾರ ಸಾಗಿಸುವ ಯುವಕರು ಘಟ್ಟದ ಊರೂರಿನಲ್ಲಿದ್ದಾರೆ. ಅವರಿಗೆ ಇದು ಹವ್ಯಾಸದ ಮಾತಲ್ಲ.

ಹಾಗೆಂದು ಎರಡು ಸ್ಟ್ರೋಕಿನ ಹೊಗೆಯನ್ನು ಪರಿಸರ ಚಳವಳಿ ಸಮರ್ಥಿಸಲಾಗದು. ಆ ಎಂಜಿನ್ ಒಳಗೆಳೆದ ಇಂಧನದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಸುಡದೆಯೇ ಹೊರಬೀಳುತ್ತದೆ, ಎಣ್ಣೆಯ ಸಮೇತ. ಮೈಸೂರು ರಸ್ತೆಯಿಂದ ಮಿನರ್ವ ವೃತ್ತದವರೆಗೆ ನೀಲಿ ಹೊಗೆ ಕವಿಯುತ್ತಿದ್ದ ದಿನಗಳನ್ನು ಚಾಮರಾಜಪೇಟೆಯ ಹಿರಿಯರು ಮರೆತಿಲ್ಲ. ದೆಹಲಿಯಲ್ಲಿ ಬಿಡಿ ಎಣ್ಣೆಯ ಮಾರಾಟವನ್ನು ನಿಲ್ಲಿಸಿ, ಬಂಕಿನಲ್ಲಿಯೇ ಅಳತೆಗೆ ತಕ್ಕಂತೆ ಬೆರೆಸಿ ಕೊಡಬೇಕೆಂದು 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿದ್ದು ಆ ಹೊಗೆಯ ಕಾರಣದಿಂದಲೇ. ಬೆಂಗಳೂರಿನಲ್ಲಿಯೂ ಇಂತಹ ಆಟೋಗಳು ಕ್ರಮೇಣ ರಸ್ತೆ ಬಿಟ್ಟದ್ದು ಒಳ್ಳೆಯದೇ ಆಯಿತು. ಎಥನಾಲ್ ಬೆರೆತಾಗ ಇಂಗಾಲದ ಮಾನಾಕ್ಸೈಡ್ ತಗ್ಗುತ್ತದೆಂಬುದನ್ನೂ ಒಪ್ಪಬೇಕು. ಆಕ್ಷೇಪ ಇರುವುದು ಬೇರೆ ಕಡೆ: ಈ ಪೆಟ್ರೋಲಿಗೆ ಅಂಟಿಸಿರುವ 'ಹಸಿರು' ಎಂಬ ಹೆಸರಿನ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬಲ್ಲಿ.

ಆ ಬೆಲೆಯ ಮೊದಲ ಅಂಶ ನೀರು. ನೀತಿ ಆಯೋಗವೇ 2021ರಲ್ಲಿ ಪ್ರಕಟಿಸಿದ ಎಥನಾಲ್ ಮಾರ್ಗಸೂಚಿಯ ಪ್ರಕಾರ ಸಕ್ಕರೆಯಿಂದ ಒಂದು ಲೀಟರ್ ಎಥನಾಲ್ ತಯಾರಾಗಲು ಸುಮಾರು 2,860 ಲೀಟರ್ ನೀರು ಬೇಕು. ಕಳೆಯಂತ್ರದವನ ಐದು ಲೀಟರಿನ ಕ್ಯಾನಿನಲ್ಲಿ ಇರುವುದು ಸರಿಯಾಗಿ ಒಂದು ಲೀಟರ್ ಎಥನಾಲ್. ಅದು ಕಬ್ಬಿನದಾದರೆ, ಆ ಕ್ಯಾನನ್ನು ಎತ್ತಿಕೊಂಡು ಹೋಗುವವನು ಕೈಯಲ್ಲಿ ಸುಮಾರು ಮೂರು ಸಾವಿರ ಲೀಟರ್ ನೀರಿನ ಲೆಕ್ಕವನ್ನು ಹಿಡಿದುಕೊಂಡಿರುತ್ತಾನೆ. ಬೆಳಗಾವಿ, ಬಾಗಲಕೋಟೆಯ ಕಬ್ಬಿಗೆ ನೀರುಣಿಸುವ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳೂ, ಮಂಡ್ಯದ ಕಬ್ಬಿಗೆ ಹರಿಯುವ ಕಾವೇರಿಯೂ ಹುಟ್ಟುವುದು ಘಟ್ಟದಲ್ಲಿ. ಬಸವನಗುಡಿಯ ನಲ್ಲಿಯ ನೀರೂ ಅದೇ ಕಾವೇರಿಯದು. ಘಟ್ಟದ ಮಳೆ ಹೊಳೆಯಾಗಿ ಇಳಿದು, ಕಬ್ಬಾಗಿ ಬೆಳೆದು, ಸಾರವಾಗಿ ಪೆಟ್ರೋಲಿಗೆ ಸೇರಿ, ಕ್ಯಾನಿನಲ್ಲಿ ಮತ್ತೆ ಘಟ್ಟಕ್ಕೆ ಹತ್ತಿ ಬರುತ್ತದೆ. ಬಯಲುಸೀಮೆಯಲ್ಲಿ ನೀರಿನ ಬೇಡಿಕೆ ಹೆಚ್ಚಿದಷ್ಟೂ ಘಟ್ಟದ ಹೊಳೆಗಳನ್ನು ತಿರುಗಿಸುವ ಕಡತಗಳಿಗೆ ಜೀವ ಬರುತ್ತದೆ. ಎತ್ತಿನಹೊಳೆಯ ನೀರು ಎತ್ತುವ ಮೊದಲ ಹಂತ 2024ರಲ್ಲಿ ಉದ್ಘಾಟನೆಯಾಯಿತು. ಶರಾವತಿಯನ್ನು ಬೆಂಗಳೂರಿಗೆ ಒಯ್ಯುವ ಮಾತು 2019ರಲ್ಲಿ ಎದ್ದಿತ್ತು. ಬೇಡ್ತಿ–ವರದಾ ಜೋಡಣೆ ಮತ್ತೆ ಮತ್ತೆ ಏಳುತ್ತದೆ. ಇವುಗಳಲ್ಲಿ ಯಾವುದೂ ಎಥನಾಲಿಗಾಗಿ ರೂಪಿಸಿದ ಯೋಜನೆಯಲ್ಲ. ಆದರೆ ಬಯಲಿನಲ್ಲಿ ಇರುವ ನೀರನ್ನು ಇಂಧನಕ್ಕೆ ಮೀಸಲಿಟ್ಟು, ಕುಡಿಯುವ ನೀರಿಗೆ ಘಟ್ಟದ ಕಡೆ ಕೈತೋರಿಸುವ ಆಡಳಿತದ ಲೆಕ್ಕಾಚಾರವನ್ನು ಪ್ರಶ್ನಿಸಲೇಬೇಕಾಗಿದೆ.

ಇತ್ತೀಚಿನ ವರ್ಷಗಳಲ್ಲಿ ಕಬ್ಬಿಗಿಂತ ಧಾನ್ಯದ ಎಥನಾಲೇ ಹೆಚ್ಚಾಗಿದೆ, ಅದರಲ್ಲೂ ಮೆಕ್ಕೆಜೋಳದ್ದು. ಇದರಿಂದ ನೀರಿನ ಲೆಕ್ಕ ಹಗುರಾಗುತ್ತದೆ, ಅನ್ನದ ಲೆಕ್ಕ ಆರಂಭವಾಗುತ್ತದೆ. 2023ರಲ್ಲಿ ಅನ್ನಭಾಗ್ಯಕ್ಕೆ ಬೇಕಾದ ಹೆಚ್ಚುವರಿ ಅಕ್ಕಿ ಭಾರತೀಯ ಆಹಾರ ನಿಗಮದಿಂದ ದೊರೆಯದೆ, ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ಹಣ ಹಂಚಿತು. ಆ ವರ್ಷವೇ ಎಥನಾಲ್ ಕಾರ್ಖಾನೆಗಳಿಗೂ ನಿಗಮದ ಅಕ್ಕಿ ನಿಂತಿತ್ತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. 2024ರ ಆಗಸ್ಟಿನಲ್ಲಿ ಆ ಬಾಗಿಲು ಅವುಗಳಿಗೆ ಮತ್ತೆ ತೆರೆಯಿತು. ರೈತನಿಗಾದರೂ ಲಾಭವಾಯಿತೇ? 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಕಬ್ಬು ಬೆಳೆಗಾರರು ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಹಗಲಿರುಳು ರಸ್ತೆಯ ಮೇಲೆ ಕುಳಿತಿದ್ದರು. ಅದೇ ತಿಂಗಳು ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಮೆಕ್ಕೆಜೋಳದ ಬೆಲೆ ಕುಸಿತದ ವಿರುದ್ಧ ಧರಣಿ ನಡೆಯಿತು. ಎಥನಾಲ್ ರೈತನನ್ನು ಉದ್ಧರಿಸಿತೆಂಬ ಮಾತನ್ನು ಆ ಎರಡು ಊರುಗಳಲ್ಲಿ ನಿಂತು ಹೇಳುವುದು ಕಷ್ಟ.

ಈ ನಾಡಿಗೆ ಬೇರೆ ದಾರಿಯೇ ತಿಳಿದಿರಲಿಲ್ಲವೆಂದೂ ಅಲ್ಲ. ಮಲ್ಲೇಶ್ವರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹೊರಟ ಆಸ್ತ್ರ ಒಲೆಯನ್ನು ಮಲೆನಾಡಿನ ಅಡಿಗೆಮನೆಗಳು ಬಲ್ಲವು. ಅದೇ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು 'ಸೂತ್ರ' ಎಂಬ ಕಾರ್ಯಕ್ರಮದಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದರು. ಹೊಂಗೆ ಬದುವಿನ ಮರ. ಕಾಲುವೆಯ ನೀರನ್ನೂ ಗದ್ದೆಯ ನೆಲವನ್ನೂ ಕೇಳುವುದಿಲ್ಲ. ರಾಜ್ಯದ ಜೈವಿಕ ಇಂಧನ ನೀತಿ 2009ರಲ್ಲಿ ಬಂದಾಗ 'ಹಸಿರು ಹೊನ್ನು', 'ಬರಡು ಬಂಗಾರ' ಎಂದು ಹೆಸರಿಟ್ಟು ಸಸಿ ನೆಡಲಾಯಿತು. ಹೊಂಗೆ ಎಣ್ಣೆ ಪೆಟ್ರೋಲಿನ ಎಂಜಿನ್‌ಗೆ ಆಗಿಬರುವುದಿಲ್ಲ, ನಿಜ. ಆದರೆ ಊರಿನ ಬೀಜ ಊರಿನಲ್ಲಿಯೇ ಎಣ್ಣೆಯಾಗಿ ಊರಿನ ಪಂಪನ್ನು ತಿರುಗಿಸುವ ಕಲ್ಪನೆಗೂ, ಕಾರ್ಖಾನೆಯಿಂದ ಡಿಪೊಗೆ, ಡಿಪೊದಿಂದ ಬಂಕಿಗೆ ಹೇಳದೆ ಕೇಳದೆ ಹರಿದುಬರುವ ಎಥನಾಲಿಗೂ ಇರುವ ಅಂತರ ದೊಡ್ಡದು.

ಬೇಡಿಕೆಗಳು ಅತಿಯಾದವೇನಲ್ಲ. ಪ್ರತಿ ಬಂಕಿನ ಪ್ರತಿ ಪಂಪಿನ ಮೇಲೆ ಎಥನಾಲಿನ ಪ್ರಮಾಣವನ್ನು ಕನ್ನಡದಲ್ಲಿ ಬರೆಯಬೇಕು. ಸಣ್ಣ ಯಂತ್ರಗಳಿಗೂ ಹಳೆಯ ವಾಹನಗಳಿಗೂ ತಾಲ್ಲೂಕಿಗೊಂದು ಬಂಕಿನಲ್ಲಾದರೂ 10 ಅಥವಾ ಅದಕ್ಕಿಂತ ಕಡಿಮೆ ಪ್ರಮಾಣದ ಪೆಟ್ರೋಲು ಸಿಗಬೇಕು. ನೀತಿ ಆಯೋಗದ ಮಾರ್ಗಸೂಚಿ ಕಾರಿಗೂ ಬೈಕಿಗೂ ಮೈಲೇಜ್ ಎಷ್ಟು ತಗ್ಗುವುದೆಂದು ಅಂದಾಜು ಕೊಟ್ಟಿದೆ. ತೋಟದ ಯಂತ್ರಗಳನ್ನು ಬಾಳಿಕೆಗಾಗಿ ಪರೀಕ್ಷಿಸಿ ಫಲಿತಾಂಶವನ್ನು ಸರಳ ಕನ್ನಡದಲ್ಲಿ ರೈತರಿಗೆ ಕೊಡುವ ಕೆಲಸವನ್ನು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ವಹಿಸಿಕೊಳ್ಳಬಹುದು. ಹೊಸ ಎಥನಾಲ್ ಘಟಕಕ್ಕೆ ಪರವಾನಗಿ ಕೊಡುವ ಮುನ್ನ ಅದರ ಕಬ್ಬೋ ಜೋಳವೋ ಯಾವ ಹೊಳೆಯ ನೀರನ್ನು ಉಣ್ಣುವುದೆಂದು ಬಹಿರಂಗವಾಗಿ ತಿಳಿಸಬೇಕು. ಈ ವಿಷಯವನ್ನು ಮುಂದಿನ ಗ್ರಾಮಸಭೆಗಳಲ್ಲಿ ನಿರ್ಣಯವಾಗಿ ಬರೆಸಲು ಯಾವ ಅಡ್ಡಿಯೂ ಇಲ್ಲ.

ಅದು ಆಗುವವರೆಗೆ ಮಳೆಗಾಲ ಕಾಯುವುದಿಲ್ಲವಾದ್ದರಿಂದ ಯಂತ್ರವುಳ್ಳವರು ಇಷ್ಟನ್ನು ಗಮನಿಸುವುದು ಲೇಸು. ಒಂದು ವಾರಕ್ಕೆ ಬೇಕಾದಷ್ಟೇ ಪೆಟ್ರೋಲು ತಂದು, ಆಯಾ ದಿನದ ಬಳಕೆಗೆ ಮಾತ್ರ ಎಣ್ಣೆ ಬೆರೆಸಬೇಕು. ಕ್ಯಾನಿನ ಮುಚ್ಚಳ ಬಿಗಿಯಾಗಿರಬೇಕು. ಯಂತ್ರವನ್ನು ಎತ್ತಿಡುವಾಗ ಟ್ಯಾಂಕು ಬಸಿದು, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ ನಿಲ್ಲಿಸಬೇಕು. ನೀರು ಹಾಕಿ ಎಥನಾಲ್ ತೊಳೆದು ತೆಗೆಯುವ ಕಸರತ್ತು ಬೇಡ. ಬೆಂಕಿಯ ಅಪಾಯವಿದೆ, ಉಳಿದ ಪೆಟ್ರೋಲಿನ ಗುಣವೂ ಕೆಡುತ್ತದೆ. ಬೆರೆಸಿದ ಪೆಟ್ರೋಲನ್ನು ಪಾರದರ್ಶಕ ಬಾಟಲಿಯೊಂದಕ್ಕೆ ಸ್ವಲ್ಪ ಸುರಿದು ಬೆಳಕಿಗೆ ಹಿಡಿದಾಗ ತಳದಲ್ಲಿ ಬೇರೆಯೇ ಪದರವೊಂದು ಕಂಡರೆ, ಅದನ್ನು ಯಂತ್ರಕ್ಕೆ ಹಾಕಬಾರದು.