ಸಿಸ್ಕೊ ಮತ್ತು ಅರಿಸ್ಟಾ: ನೆಟ್‌ವರ್ಕ್ ಸ್ವಿಚ್ ತಯಾರಕರ ಪೈಪೋಟಿ

ನೆಟ್‌ವರ್ಕ್ ಸ್ವಿಚ್ ಎಂಬುದು ಜಾಲವೊಂದರ ಗಣಕಯಂತ್ರಗಳ ನಡುವೆ ಹರಿಯುವ ದತ್ತಾಂಶವನ್ನು ವಿಂಗಡಿಸಿ ಸರಿಯಾದ ವಿಳಾಸಕ್ಕೆ ತಲುಪಿಸುವ ಸಾಧನ. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಬೀದಿವಾರು ಬೇರ್ಪಡಿಸುವ ಕೆಲಸಕ್ಕೆ ಇದನ್ನು ಹೋಲಿಸಬಹುದು. ಕೃತಕ ಬುದ್ಧಿಮತ್ತೆಗಾಗಿ ಬೃಹತ್ ದತ್ತಾಂಶ ಕೇಂದ್ರಗಳು ಏಳುತ್ತಿರುವುದರಿಂದ, ಈ ಸಾಧನವನ್ನು ತಯಾರಿಸುವ ಅಮೆರಿಕದ ಸಿಸ್ಕೊ ಮತ್ತು ಅರಿಸ್ಟಾ ಸಂಸ್ಥೆಗಳ ಸ್ಪರ್ಧೆಯು ಹೂಡಿಕೆದಾರರ ಗಮನವನ್ನೂ ಸೆಳೆದಿದೆ.

ಹಿನ್ನೆಲೆ

ಸಿಸ್ಕೊ ಸಂಸ್ಥೆಯನ್ನು 1984ರಲ್ಲಿ ಲಿಯೊನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ದಂಪತಿಗಳು ಸ್ಥಾಪಿಸಿದರು. ರೂಟರ್‌ಗಳಿಂದ ಹೆಸರಾದ ಸಂಸ್ಥೆಯು 1993ರಲ್ಲಿ ಕ್ರೆಸೆಂಡೊ ಎಂಬ ಕಂಪನಿಯನ್ನು ಕೊಂಡು ಸ್ವಿಚ್ ವ್ಯಾಪಾರಕ್ಕಿಳಿಯಿತು. ಆ ಕಂಪನಿಯೊಡನೆ ಬಂದವರಲ್ಲಿ ಜಯಶ್ರೀ ಉಲ್ಲಾಳ್ ಒಬ್ಬರು. 1996ರಲ್ಲಿ ಕೊಂಡ ಗ್ರಾನೈಟ್ ಸಿಸ್ಟಮ್ಸ್‌ನೊಡನೆ ಆಂಡಿ ಬೆಕ್ಟೋಲ್‌ಶೈಮ್ ಬಂದರು. ಮುಂದೆ ಸಿಸ್ಕೊವನ್ನು ಎದುರಿಸಿದವರು ಇವರೇ. ಬೆಕ್ಟೋಲ್‌ಶೈಮ್ 2004ರಲ್ಲಿ ಡೇವಿಡ್ ಚೆರಿಟನ್ ಮತ್ತು ಕೆನೆತ್ ಡುಡಾ ಅವರೊಡನೆ ಸೇರಿ ಕಟ್ಟಿದ ಸಂಸ್ಥೆಯೇ ಇಂದಿನ ಅರಿಸ್ಟಾ. 2008ರಲ್ಲಿ ಉಲ್ಲಾಳ್ ಅದರ ಮುಖ್ಯಸ್ಥೆಯಾದರು. ಹೀಗಾಗಿ ಇದನ್ನು ದಾಯಾದಿಗಳ ಕಲಹವೆಂದರೂ ತಪ್ಪಾಗದು. ಕಲಹವು 2014ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು; 2018ರಲ್ಲಿ ಅರಿಸ್ಟಾ 40 ಕೋಟಿ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು.

ತಂತ್ರಜ್ಞಾನ

ಸಿಸ್ಕೊ ತನ್ನದೇ ಚಿಪ್‌ಗಳನ್ನು ವಿನ್ಯಾಸಗೊಳಿಸುತ್ತ, ಬೇರೆಬೇರೆ ಶ್ರೇಣಿಯ ಸಾಧನಗಳಿಗೆ ಬೇರೆಬೇರೆ ಕಾರ್ಯಾಚರಣಾ ತಂತ್ರಾಂಶಗಳನ್ನು ಬಳಸುತ್ತ ಬಂದಿತು. ಅರಿಸ್ಟಾ ಮುಖ್ಯವಾಗಿ ಬ್ರಾಡ್‌ಕಾಮ್‌ನಂಥ ಸಂಸ್ಥೆಗಳ ಸಿದ್ಧ ಚಿಪ್‌ಗಳನ್ನು ಕೊಂಡು, ಲಿನಕ್ಸ್ ಆಧಾರಿತ ಒಂದೇ ತಂತ್ರಾಂಶದ ಮೇಲೆ ತನ್ನ ಶ್ರಮವನ್ನೆಲ್ಲ ಹಾಕಿತು. ಸಾವಿರಾರು ಸ್ವಿಚ್‌ಗಳನ್ನು ಏಕರೀತಿಯಲ್ಲಿ ನಿರ್ವಹಿಸಬೇಕಾದ ಮೈಕ್ರೋಸಾಫ್ಟ್, ಮೆಟಾ ಮುಂತಾದವರಿಗೆ ಇದು ಅನುಕೂಲವಾಯಿತು. ಆದ್ದರಿಂದ ಅರಿಸ್ಟಾದ ಗೆಲುವನ್ನು ಯಂತ್ರದ ವೇಗಕ್ಕೆ ಮಾತ್ರ ಸಲ್ಲಿಸುವುದು ಸರಿಯಲ್ಲ. ಅದೇ ಚಿಪ್ ಇತರರಿಗೂ ದೊರೆಯುತ್ತದೆ. ಸಿಸ್ಕೊ 2019ರಲ್ಲಿ ಸಿಲಿಕಾನ್ ಒನ್ ಎಂಬ ಚಿಪ್ ಸರಣಿಯನ್ನು ಹೊರತಂದು ಪ್ರತ್ಯುತ್ತರ ನೀಡಿತು.

ಇತರ ಸ್ಪರ್ಧಿಗಳೂ ಇದ್ದಾರೆ. ಎನ್‌ವಿಡಿಯಾ 2020ರಲ್ಲಿ ಇಸ್ರೇಲಿನ ಮೆಲನಾಕ್ಸ್ ಅನ್ನು ಕೊಂಡು ಈ ಕ್ಷೇತ್ರ ಪ್ರವೇಶಿಸಿತು. ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ 2025ರಲ್ಲಿ ಜೂನಿಪರ್ ಅನ್ನು ಸುಮಾರು 1,400 ಕೋಟಿ ಡಾಲರಿಗೆ ಕೊಂಡಿತು.

ಹೂಡಿಕೆಯ ದೃಷ್ಟಿಯಿಂದ

2000ದ ಮಾರ್ಚ್‌ನಲ್ಲಿ ಸಿಸ್ಕೊ ಕೆಲಕಾಲ ಜಗತ್ತಿನ ಅತಿ ಬೆಲೆಬಾಳುವ ಕಂಪನಿಯಾಗಿತ್ತು. ಆಗ ಅದರ ಮಾರುಕಟ್ಟೆ ಮೌಲ್ಯ 50,000 ಕೋಟಿ ಡಾಲರ್ ಮೀರಿತ್ತು. ಆ ಆರ್ಥಿಕ ವರ್ಷದ ವರಮಾನವಾದರೋ 1,900 ಕೋಟಿ ಡಾಲರಿನಷ್ಟು. ಬಳಿಕ ಷೇರು ಬೆಲೆ ಶೇ. 80ಕ್ಕೂ ಹೆಚ್ಚು ಕುಸಿಯಿತು. ಗಮನಿಸಬೇಕಾದ ಸಂಗತಿಯೆಂದರೆ, ಕಂಪನಿ ಮುಳುಗಲಿಲ್ಲ. 2025ರ ಆರ್ಥಿಕ ವರ್ಷದ ವೇಳೆಗೆ ವರಮಾನ ಸುಮಾರು ಮೂರು ಪಟ್ಟಾಗಿತ್ತು. ಆದರೂ ಷೇರು ಹಳೆಯ ಬೆಲೆಯನ್ನು ದಾಟಿದ್ದು 2025ರ ಡಿಸೆಂಬರ್‌ನಲ್ಲಿ. ನಡುವೆ, 2011ರಿಂದ ದೊರೆತ ಲಾಭಾಂಶವೊಂದೇ ಉತ್ತುಂಗದಲ್ಲಿ ಕೊಂಡವರಿಗೆ ಸಮಾಧಾನ.

ಅರಿಸ್ಟಾದ ವರಮಾನ 2014ರಲ್ಲಿ 58 ಕೋಟಿ ಡಾಲರಿನಷ್ಟಿದ್ದುದು 2024ರಲ್ಲಿ 700 ಕೋಟಿಗೆ ಏರಿತು. ಅದು ನಗದು ಲಾಭಾಂಶ ಕೊಡುವುದಿಲ್ಲ. ಇದರ ಅಪಾಯ ಬೇರೆ ಬಗೆಯದು: 2024ರ ವರಮಾನದ ಮೂರನೇ ಒಂದು ಭಾಗಕ್ಕೂ ಹೆಚ್ಚು ಪಾಲು ಮೈಕ್ರೋಸಾಫ್ಟ್ ಮತ್ತು ಮೆಟಾ ಎಂಬ ಎರಡೇ ಗ್ರಾಹಕರಿಂದ ಬಂದಿತು. ಅವರಲ್ಲಿ ಮೆಟಾ 2014ರಿಂದಲೇ ತನ್ನ ಸ್ವಂತ ಸ್ವಿಚ್‌ಗಳನ್ನು ವಿನ್ಯಾಸಗೊಳಿಸುತ್ತಿದೆ.